ಎರಡು ಯಂತ್ರಗಳ ನಡುವಣ ತಂತಿ



ಹೊನ್ನಾವರಕ್ಕೂ ಭಟ್ಕಳಕ್ಕೂ ನಡುವೆ, ಪಡುವಣದಲ್ಲಿ ಕಡಲನ್ನೂ ಮೂಡಣದಲ್ಲಿ ಸಹ್ಯಾದ್ರಿಯ ತಪ್ಪಲನ್ನೂ ಇರಿಸಿಕೊಂಡು ಬಾಳುತ್ತಿರುವ ಮಂಕಿ ಎಂಬ ಊರನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ಮೀನುಗಾರಿಕೆ, ಗದ್ದೆಯ ಬೇಸಾಯ, ತೆಂಗು ಅಡಕೆಗಳ ತೋಟ, ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವ ಮಕ್ಕಳು ಕಳುಹಿಸುವ ಹಣ, ಇವುಗಳಿಂದ ಸಂಸಾರಗಳು ನಡೆಯುವ ಈ ಊರಿನಲ್ಲಿ ಇಂದು ಯಾವ ಕಾರ್ಯಕ್ಕೆ ಹೊರಟರೂ ಮೊದಲು ಕೈಯಲ್ಲಿ ಇರಬೇಕಾದದ್ದು ಒಂದು ಹಾಳೆ ಕಾಗದ. ಬೆಳೆಸಾಲಕ್ಕೆ ಪಹಣಿ ಬೇಕು; ಮಗಳ ವಿದ್ಯಾರ್ಥಿವೇತನಕ್ಕೆ ಜಾತಿ ಮತ್ತು ಆದಾಯದ ಪ್ರಮಾಣಪತ್ರ ಬೇಕು; ದುಬಾಯಿಗೆ ಹೊರಟ ಮಗನಿಗೆ ವೀಸಾದ ಪ್ರತಿ ಬೇಕು; ವೃದ್ಧರ ಪಿಂಚಣಿಯ ಅರ್ಜಿಗೆ ಆಧಾರ್ ಕಾರ್ಡಿನ ನಕಲು ಬೇಕು. ಇವೆಲ್ಲವೂ ಎಲ್ಲೋ ದೂರದ ಗಣಕಯಂತ್ರಗಳ ಸ್ಮೃತಿಯಲ್ಲಿ ಸುರಕ್ಷಿತವಾಗಿ ಇರುವುವು ನಿಜ. ಆದರೆ ಅಲ್ಲಿಂದ ಹೊರಟು ಮನುಷ್ಯನ ಕೈಗೆ ಬಂದು ಸೇರುವ ದಾರಿಯ ಕಟ್ಟಕಡೆಯ ಹೆಜ್ಜೆ ಕಂಪ್ಯೂಟರಿನಿಂದ ಪ್ರಿಂಟರಿಗೆ ಹೋಗುವ ಒಂದೆರಡು ಮಾರು ಉದ್ದದ ಕೇಬಲ್ಲಿನಲ್ಲಿದೆ. ಆ ಕೇಬಲ್ಲಿನ ವಿಷಯವಾಗಿ, ಅದನ್ನು ಜೋಡಿಸುವ ಬಗೆಯ ವಿಷಯವಾಗಿ, ಇಂದು ತಮ್ಮೊಡನೆ ನಾಲ್ಕು ಮಾತನ್ನಾಡಬೇಕೆಂದಿದ್ದೇನೆ.

ಇಷ್ಟು ಸಣ್ಣ ವಸ್ತುವಿಗೆ ಒಂದು ಭಾಷಣವೇ ಎಂದು ಯಾರಾದರೂ ಕೇಳಿಯಾರು. ಅಂಥವರು ನಮ್ಮ ನಾಡಿನ 'ಭೂಮಿ' ಯೋಜನೆಯನ್ನು ಒಮ್ಮೆ ಸ್ಮರಿಸಿಕೊಳ್ಳಬೇಕು. ಒಂದು ಕಾಲದಲ್ಲಿ ಪಹಣಿಯೆಂಬುದು ಗ್ರಾಮಲೆಕ್ಕಿಗರು ಕೈಯಿಂದ ಬರೆದಿಡುವ ಪುಸ್ತಕವಾಗಿದ್ದಿತು; ಅದರ ಒಂದು ಪ್ರತಿಯನ್ನು ಪಡೆಯಬೇಕಾದರೆ ರೈತನಾದವನು ಲೆಕ್ಕಿಗರು ದೊರೆಯುವ ದಿನವನ್ನೂ ಅವರ ಬಿಡುವನ್ನೂ ಕಾದು ನಿಲ್ಲಬೇಕಾಗಿದ್ದಿತು. ಕಳೆದ ಶತಮಾನದ ಕೊನೆಯ ವರ್ಷಗಳಲ್ಲಿಯೂ ಈ ಶತಮಾನದ ಮೊದಲ ವರ್ಷಗಳಲ್ಲಿಯೂ ಕರ್ನಾಟಕದ ಕಂದಾಯ ಇಲಾಖೆಯು, ಎನ್.ಐ.ಸಿ. (ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ) ಸಂಸ್ಥೆಯು ಸಿದ್ಧಪಡಿಸಿದ ತಂತ್ರಾಂಶದ ನೆರವಿನಿಂದ, ಸುಮಾರು 67 ಲಕ್ಷ ಹಿಡುವಳಿದಾರರಿಗೆ ಸಂಬಂಧಿಸಿದ ಸುಮಾರು 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿತು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟು ಸರ್ವೆ ನಂಬರು ಹೇಳಿದವನಿಗೆ ಅಲ್ಲಿಯೇ ಅಚ್ಚಾದ ಪಹಣಿ ದೊರೆಯುವಂತಾಯಿತು. ಕೌಂಟರಿನ ಒಳಗಿನವರಿಗೆ ಕಾಣುವುದು ಹೊರಗಿನ ರೈತನಿಗೂ ಕಾಣಲೆಂದು ಅವನ ಕಡೆಗೆ ಮುಖಮಾಡಿದ ಎರಡನೆಯ ಪರದೆಯೊಂದನ್ನು ಇರಿಸುವ ವ್ಯವಸ್ಥೆಯೂ ಆ ಯೋಜನೆಯಲ್ಲಿದ್ದಿತು. ಈ ಮಹತ್ಕಾರ್ಯದಲ್ಲಿ ದುಡಿದ ಅಧಿಕಾರಿಗಳನ್ನೂ ತಂತ್ರಜ್ಞರನ್ನೂ ನಾವು ಕೊಂಡಾಡುತ್ತೇವೆ, ಕೊಂಡಾಡತಕ್ಕುದೇ ಸರಿ. ಆದರೆ 2 ಕೋಟಿ ದಾಖಲೆಗಳ ಆ ಭಂಡಾರವು ರೈತನ ಪಾಲಿಗೆ ಫಲ ಕೊಟ್ಟದ್ದು ಮೇಜಿನ ಮೇಲಣ ಪ್ರಿಂಟರು ಸದ್ದುಮಾಡಿ ಹಾಳೆಯನ್ನು ಹೊರನೂಕಿದ ಗಳಿಗೆಯಲ್ಲಿ. ಆ ಪ್ರಿಂಟರಿನ ಹಿಂಬದಿಯ ತಂತಿಯು ಸಡಿಲವಾಗಿದ್ದರೆ ಅಂದು ಆ ರೈತನ ಮಟ್ಟಿಗೆ ಇಡಿಯ ಯೋಜನೆಯೇ ನಿಂತುಹೋದಂತೆ.

ಕನ್ನಡಕ್ಕೂ ಈ ತಂತಿಗೂ ಇರುವ ಸಂಬಂಧವು ಇನ್ನೂ ಸೂಕ್ಷ್ಮವಾದದ್ದು. 1817ರಲ್ಲಿ ವಿಲಿಯಂ ಕೇರಿಯವರ ಕನ್ನಡ ವ್ಯಾಕರಣವು ದೂರದ ಶ್ರೀರಾಂಪುರದಲ್ಲಿ ಅಚ್ಚಾದಂದಿನಿಂದ, 1841ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ನಿನವರು ತಮ್ಮ ಮುದ್ರಣಾಲಯವನ್ನು ತೆರೆದು ಮುಂದೆ 1894ರಲ್ಲಿ ಕಿಟ್ಟೆಲರ ಮಹಾಕೋಶವನ್ನು ಹೊರತರುವವರೆಗೆ, ನಮ್ಮ ಲಿಪಿಯು ಒಂದೊಂದು ಯಂತ್ರದ ಎದುರಿಗೂ ತನ್ನ ಒತ್ತಕ್ಷರಗಳನ್ನೂ ಕೊಂಬು ದೀರ್ಘಗಳನ್ನೂ ಹೊತ್ತುಕೊಂಡು ನಿಂತು ತನಗೆ ಸ್ಥಳವನ್ನು ಕೇಳಿ ಪಡೆದುಕೊಂಡಿದೆ. ಗಣಕಯಂತ್ರದ ಕಾಲದಲ್ಲಿಯೂ ಹಾಗೆಯೇ ಆಯಿತು. ಸೂಜಿಗಳ ಸಾಲಿನಿಂದ ಶಾಯಿಯ ಪಟ್ಟಿಯನ್ನು ಕುಟ್ಟಿ ಅಕ್ಷರವನ್ನು ಮೂಡಿಸುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರುಗಳ ಒಳಗೆ ತಯಾರಕರು ಇಟ್ಟು ಕಳುಹಿದ್ದುದು ರೋಮನ್ ಅಕ್ಷರಗಳನ್ನು. ಕನ್ನಡದ ಒಂದಕ್ಷರವೂ ಅವುಗಳಲ್ಲಿರಲಿಲ್ಲ. ಆದುದರಿಂದ 'ಸ್ತ್ರೀ' ಎಂಬ ಒಂದು ಅಕ್ಷರವನ್ನು ಅಚ್ಚುಮಾಡಬೇಕಾದರೆ ಅದನ್ನು ಚುಕ್ಕೆಚುಕ್ಕೆಯಾಗಿ ಬಿಡಿಸಿದ ಒಂದು ಚಿತ್ರವೆಂದು ಭಾವಿಸಿ, ಆ ಚುಕ್ಕೆಗಳೆಲ್ಲವನ್ನೂ ಕಂಪ್ಯೂಟರು ತಂತಿಯ ಮೂಲಕ ಸಾಗಿಸಬೇಕಾಗಿದ್ದಿತು. ಕನ್ನಡಕ್ಕೆ ತರ್ಕಬದ್ಧವಾದ ಕೀಲಿಮಣೆಯ ವಿನ್ಯಾಸವನ್ನು ಕೊಟ್ಟ ಕೆ. ಪಿ. ರಾವ್ ಅವರು, 1998ರಲ್ಲಿ 'ಬರಹ'ವನ್ನು ಜನರ ಕೈಗಿತ್ತ ಶೇಷಾದ್ರಿವಾಸು ಅವರು, 'ನುಡಿ'ಯನ್ನು ಸಿದ್ಧಪಡಿಸಿದ ಕನ್ನಡ ಗಣಕ ಪರಿಷತ್ತಿನವರು, ಇಂಥ ಅನೇಕರ ಪರಿಶ್ರಮದಿಂದಾಗಿ ಇಂದು ಮಂಕಿಯ ಝೆರಾಕ್ಸ್ ಅಂಗಡಿಯಲ್ಲಿ ಮದುವೆಯ ಕರೆಯೋಲೆಯೂ ಯಕ್ಷಗಾನದ ಕರಪತ್ರವೂ ತಡೆಯಿಲ್ಲದೆ ಕನ್ನಡದಲ್ಲಿಯೇ ಹೊರಬರುತ್ತಿವೆ.

ಇನ್ನು ತಂತಿಯ ಪೂರ್ವಚರಿತ್ರೆಗೆ ಬರೋಣ. ಪ್ರಿಂಟರನ್ನು ಜೋಡಿಸುವ ಒಂದು ವ್ಯಾಪಕವಾದ ಪದ್ಧತಿಯು 1970ರಲ್ಲಿ ಅಮೆರಿಕದ ಸೆಂಟ್ರಾನಿಕ್ಸ್ ಎಂಬ ಸಂಸ್ಥೆಯ ಪ್ರಿಂಟರಿನೊಂದಿಗೆ ಬಳಕೆಗೆ ಬಂದಿತು. 1981ರಲ್ಲಿ ಐ.ಬಿ.ಎಂ. ಸಂಸ್ಥೆಯು ತನ್ನ ಪರ್ಸನಲ್ ಕಂಪ್ಯೂಟರನ್ನು ಹೊರತಂದಾಗ ಆ ಪದ್ಧತಿಯನ್ನೇ ಅನುಸರಿಸಿದ್ದರಿಂದ ಅದು ಲೋಕದ ಎಲ್ಲೆಡೆಗೂ ಹಬ್ಬಿತು. ಕಂಪ್ಯೂಟರಿನ ಕಡೆಗೆ 25 ಸೂಜಿಗಳ ಮುಖ, ಪ್ರಿಂಟರಿನ ಕಡೆಗೆ 36 ಸಂಪರ್ಕಗಳ ಅಗಲವಾದ ಮುಖ, ಎರಡರ ನಡುವೆ ಹೆಬ್ಬೆರಳು ಗಾತ್ರದ ಗಡುಸಾದ ಕೇಬಲ್ಲು: ಹಳೆಯ ಕಚೇರಿಗಳಲ್ಲಿ ದುಡಿದವರಿಗೆ ಅದರ ನೆನಪು ಇದ್ದೇ ಇರುತ್ತದೆ. ಅಕ್ಷರವೊಂದನ್ನು ಸೂಚಿಸುವ ಎಂಟು ಅಂಶಗಳು ಎಂಟು ತಂತಿಗಳಲ್ಲಿ ಏಕಕಾಲದಲ್ಲಿ ಸಾಗುತ್ತಿದ್ದುವು. 'ಕಳುಹಿಸಿದೆ' ಎಂದು ಹೇಳಲು ಒಂದು ತಂತಿ, 'ತಲುಪಿತು' ಎಂದು ಹೇಳಲು ಒಂದು ತಂತಿ, 'ಸ್ವಲ್ಪ ತಾಳು, ಕೈತುಂಬ ಕೆಲಸವಿದೆ' ಎಂದು ಪ್ರಿಂಟರು ಬೇಡಿಕೊಳ್ಳಲು ಮತ್ತೊಂದು ತಂತಿ, ಕಾಗದ ಮುಗಿಯಿತೆಂದು ತಿಳಿಸಲು ಇನ್ನೊಂದು, ಹೀಗೆ ಒಂದೊಂದು ಮಾತಿಗೆ ಒಂದೊಂದು ತಂತಿ ಮೀಸಲಾಗಿದ್ದಿತು.

ಈ ಪದ್ಧತಿಯಲ್ಲಿ ಒಂದು ತೊಡಕಿದ್ದಿತು. ಕೀಲಿಮಣೆಗೆ ಒಂದು ಬಗೆಯ ಕಿಂಡಿ, ಮೌಸಿಗೆ ಇನ್ನೊಂದು, ಪ್ರಿಂಟರಿಗೆ ಮಗುದೊಂದು. ಹೊಸದೊಂದನ್ನು ಸೇರಿಸಿದರೆ ಯಂತ್ರವನ್ನು ಆರಿಸಿ ಮತ್ತೆ ಹೊತ್ತಿಸಬೇಕಾದ ಕಟ್ಟುಪಾಡು. ಸಾಮಾನ್ಯ ಗೃಹಸ್ಥನು ಇಷ್ಟೊಂದು ಕಷ್ಟಪಡಬೇಕಾಗಿಲ್ಲವೆಂದು ಯೋಚಿಸಿದವರಲ್ಲಿ ನಮ್ಮ ದೇಶದವರೇ ಆದ ಅಜಯ್ ಭಟ್ ಪ್ರಮುಖರು. ಬರೋಡೆಯ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಓದಿ, ಅಮೆರಿಕದ ಇಂಟೆಲ್ ಸಂಸ್ಥೆಯಲ್ಲಿ ದುಡಿದ ಅವರೂ ಅವರ ಸಂಗಡಿಗರೂ, ಇನ್ನಾರು ಸಂಸ್ಥೆಗಳವರೊಡನೆ ಸೇರಿ, ಎಲ್ಲ ಉಪಕರಣಗಳಿಗೂ ಒಂದೇ ಬಗೆಯ ಕಿಂಡಿ ಸಾಲುವಂತೆ ಏರ್ಪಾಡುಮಾಡಿದರು. 1996ರ ಜನವರಿಯಲ್ಲಿ ಅದರ ಮೊದಲ ನಿಯಮಾವಳಿ ಪ್ರಕಟವಾಯಿತು. ಅದೇ ಯು.ಎಸ್.ಬಿ. ಇಂದು ಮಂಕಿಯ ಮನೆಯೊಂದರಲ್ಲಿ ಒಂದು ಮಗುವೂ ಹೆದರದೆ ತಂತಿಯನ್ನು ಸಿಕ್ಕಿಸಬಲ್ಲುದಾದರೆ ಅದರ ಹಿಂದೆ ಇಂಥ ಪರೋಪಕಾರಬುದ್ಧಿಯ ಚಿಂತನೆಯಿದೆ ಎಂಬುದನ್ನು ನಾವು ಮರೆಯಲಾಗದು.

ಈ ಹೊಸ ತಂತಿಯ ಒಳಗೆ, ಸಾಮಾನ್ಯವಾಗಿ ಪ್ರಿಂಟರಿಗೆ ಬಳಸುವ ಬಗೆಯಲ್ಲಿ, ಇರತಕ್ಕವು ನಾಲ್ಕೇ ಎಳೆಗಳು. ಕೆಂಪು ಎಳೆಯಲ್ಲಿ 5 ವೋಲ್ಟಿನ ವಿದ್ಯುತ್ತು. ಕಪ್ಪು ಎಳೆ ಅದು ಹಿಂದಿರುಗುವ ದಾರಿ. ಬಿಳಿ ಹಸಿರು ಎಳೆಗಳೆರಡೂ ಜೊತೆಗೂಡಿ ಮಾಹಿತಿಯನ್ನು ಒಂದರ ಹಿಂದೊಂದಾಗಿ ಒಯ್ಯುವುವು. ಹಿಂದೆ ಎಂಟು ತಂತಿಗಳು ಹೊರುತ್ತಿದ್ದ ಭಾರವನ್ನು ಎರಡೇ ಎಳೆಗಳು ಹೊತ್ತರೂ ವೇಗ ಕುಂದಲಿಲ್ಲ. 2000ದಲ್ಲಿ ಬಂದ ಎರಡನೆಯ ಆವೃತ್ತಿಯು ಸೆಕೆಂಡಿಗೆ 48 ಕೋಟಿ ಅಂಶಗಳನ್ನು ಸಾಗಿಸುವ ಶಕ್ತಿಯುಳ್ಳದ್ದು. ತಂತಿಯನ್ನು ಸಿಕ್ಕಿಸಿದೊಡನೆ ನಡೆಯುವ ವ್ಯಾಪಾರವು ಬಹಳ ಸೊಗಸಾದದ್ದು. ಪ್ರಿಂಟರು ಒಂದು ಎಳೆಯ ವಿದ್ಯುನ್ಮಟ್ಟವನ್ನು ತುಸು ಮೇಲಕ್ಕೆತ್ತಿ ತಾನು ಬಂದಿರುವುದನ್ನು ಸೂಚಿಸುತ್ತದೆ. ಕಂಪ್ಯೂಟರು ಅದನ್ನು ಗುರುತಿಸಿ ಅದಕ್ಕೊಂದು ಸಂಖ್ಯೆಯನ್ನು ಕೊಟ್ಟು, ನಿನ್ನನ್ನು ಮಾಡಿದವರು ಯಾರು, ನಿನ್ನ ಜಾತಿ ಯಾವುದು, ನೀನು ಬಲ್ಲ ಕೆಲಸವೇನು ಎಂದು ಒಂದೊಂದಾಗಿ ಕೇಳುತ್ತದೆ. ಕೇಳಿದ್ದಕ್ಕೆ ಮಾತ್ರ ಪ್ರಿಂಟರು ಉತ್ತರ ಕೊಡುತ್ತದೆ. ನಮ್ಮ ಇಡಗುಂಜಿ ಯಕ್ಷಗಾನ ಮೇಳದ ಆಟವನ್ನು ನೋಡಿದವರಿಗೆ ಈ ಕ್ರಮವು ಹೊಸತಲ್ಲ: ವೇಷಧಾರಿಯು ಎಷ್ಟೇ ಸಮರ್ಥನಾಗಿರಲಿ, ರಂಗದ ಮೇಲೆ ಅವನ ಪ್ರವೇಶವೂ ಕುಣಿತವೂ ಅರ್ಥವೂ ಭಾಗವತರು ಎತ್ತಿಕೊಟ್ಟ ಪದ್ಯವನ್ನು ಅನುಸರಿಸಿಯೇ ನಡೆಯಬೇಕು. ಇಲ್ಲಿ ಭಾಗವತರ ಸ್ಥಾನ ಕಂಪ್ಯೂಟರಿನದು. ಕೇಬಲ್ಲಿನ ಎರಡು ತುದಿಗಳು ಬೇರೆಬೇರೆ ಆಕಾರದಲ್ಲಿರುವುದೂ ಈ ಕಾರಣದಿಂದಲೇ. ಚಪ್ಪಟೆಯಾದ ತುದಿ ಆಜ್ಞೆ ಮಾಡುವ ಕಂಪ್ಯೂಟರಿಗೆ, ಮೇಲಿನ ಎರಡು ಮೂಲೆಗಳನ್ನು ಸವರಿದಂತಿರುವ ಚೌಕದ ತುದಿ ಆಜ್ಞೆಯನ್ನು ನಡೆಸುವ ಪ್ರಿಂಟರಿಗೆ. ತಿಳಿಯದವನು ಎರಡು ಕಂಪ್ಯೂಟರುಗಳನ್ನೇ ಒಂದಕ್ಕೊಂದು ಸಿಕ್ಕಿಸಿ ಕೆಡಿಸದಿರಲೆಂದು ಆಕಾರವೇ ಅವನ ಕೈಯನ್ನು ತಡೆಯುತ್ತದೆ.

ಈಗ ಜೋಡಿಸುವ ಕ್ರಮವನ್ನು ಹೇಳುತ್ತೇನೆ. ಪ್ರಿಂಟರನ್ನು ಕೊಳ್ಳುವಾಗಲೇ ಪೆಟ್ಟಿಗೆಯೊಳಗೆ ಕೇಬಲ್ಲು ಇದೆಯೇ ಎಂದು ವಿಚಾರಿಸತಕ್ಕುದು; ಅನೇಕ ಪೆಟ್ಟಿಗೆಗಳಲ್ಲಿ ಅದು ಇರುವುದಿಲ್ಲ, ಮನೆಗೆ ಬಂದ ಮೇಲೆ ಅದಕ್ಕಾಗಿ ಮತ್ತೆ ಹೊನ್ನಾವರಕ್ಕೋ ಭಟ್ಕಳಕ್ಕೋ ಬಸ್ಸು ಹತ್ತಬೇಕಾಗುತ್ತದೆ. ಕೇಬಲ್ಲು ಐದು ಮೀಟರನ್ನು ಮೀರಬಾರದು. ಅಗತ್ಯಕ್ಕಿಂತ ಉದ್ದವಾದುದು ಬೇಡವೇ ಬೇಡ. ಅಂಡಾಕಾರದ ಸಣ್ಣ ಕಿಂಡಿಗಳು ಮಾತ್ರವೇ ಇರುವ ಹೊಸ ಲ್ಯಾಪ್‌ಟಾಪುಗಳಾದರೆ ಅದಕ್ಕೆ ತಕ್ಕ ತುದಿಯುಳ್ಳ ಕೇಬಲ್ಲನ್ನೇ ಕೇಳಿ ತರಬೇಕು. ಮನೆಯಲ್ಲಿ ಅಲುಗಾಡದ ಸಮನಾದ ಮೇಜಿನ ಮೇಲೆ ಪ್ರಿಂಟರನ್ನಿರಿಸಿ, ಸಾಗಾಟದಲ್ಲಿ ಒಳಭಾಗಗಳು ಕದಲದಿರಲೆಂದು ಅಂಟಿಸಿದ ಬಣ್ಣದ ಪಟ್ಟಿಗಳನ್ನು ಒಂದೂ ಉಳಿಯದಂತೆ ಕಿತ್ತು, ಶಾಯಿಯನ್ನೋ ಟೋನರನ್ನೋ ಅದರ ಸ್ಥಾನದಲ್ಲಿರಿಸಿ, ಅದರದೇ ಆದ ವಿದ್ಯುತ್ತಿನ ವೈರನ್ನು ಗೋಡೆಯ ಪ್ಲಗ್ಗಿಗೆ ಕೊಡತಕ್ಕುದು. ಲೇಸರ್ ಪ್ರಿಂಟರಿನ ಒಳಗೆ ಪುಡಿಯನ್ನು ಕಾಗದಕ್ಕೆ ಕರಗಿಸಿ ಕೂಡಿಸುವ ಬಿಸಿಯಾದ ಉರುಳೆಯಿದೆ. ಅದು ಒಮ್ಮೆಗೇ ಬಹಳ ವಿದ್ಯುತ್ತನ್ನು ಸೆಳೆಯುವುದರಿಂದ ಅದನ್ನು ಕಂಪ್ಯೂಟರಿನ ಚಿಕ್ಕ ಯು.ಪಿ.ಎಸ್.ಗೆ ಸಿಕ್ಕಿಸಲಾಗದು.

ಈ ಹಂತಕ್ಕೆ ಬಂದವರೆಲ್ಲ ಅವಸರದಿಂದ ಕೇಬಲ್ಲನ್ನು ಸಿಕ್ಕಿಸಿಬಿಡುತ್ತಾರೆ. ಆದರೆ ಕೆಲವು ಪ್ರಿಂಟರುಗಳ ಕಿಂಡಿಯ ಮೇಲೆ, ಹೇಳುವವರೆಗೆ ಸಿಕ್ಕಿಸಬೇಡಿರಿ ಎಂಬ ಅರ್ಥದ ಚೀಟಿಯೊಂದನ್ನು ಅಂಟಿಸಿರುತ್ತಾರೆ, ಅದಕ್ಕೆ ಕಾರಣವುಂಟು. ಆ ಪ್ರಿಂಟರಿನ ಭಾಷೆಯನ್ನು ಕಂಪ್ಯೂಟರಿಗೆ ಕಲಿಸುವ ಡ್ರೈವರ್ ಎಂಬ ತಂತ್ರಾಂಶವನ್ನು ಮೊದಲು ಅಳವಡಿಸಿ, ಪರದೆಯು ಕೇಬಲ್ಲನ್ನು ಜೋಡಿಸಿ ಎಂದು ಕೇಳಿದಾಗ ಜೋಡಿಸುವುದು ಅಲ್ಲಿ ಸರಿಯಾದ ಕ್ರಮ. ಅಂಥ ಸೂಚನೆಯಿಲ್ಲದ ಪ್ರಿಂಟರುಗಳನ್ನು ಈಚಿನ ಕಂಪ್ಯೂಟರುಗಳು ತಾವಾಗಿಯೇ ಗುರುತಿಸುವುದೂ ಉಂಟು. ಯಾವ ಬಗೆಯದೇ ಆಗಲಿ, ಸಿಕ್ಕಿಸುವಾಗ ಬಲವನ್ನು ಹೇರಕೂಡದು. ತುದಿಯ ಆಕಾರವನ್ನು ಕಣ್ಣಿಂದ ನೋಡಿ, ನೇರವಾಗಿ ಹಿಡಿದು, ಪೂರ್ಣವಾಗಿ ಒಳಸೇರುವವರೆಗೆ ಒತ್ತಬೇಕು. ಬಳಿಕ ಒಂದೆರಡು ನಿಮಿಷ ಸುಮ್ಮನೆ ಕಾಯಬೇಕು. ಪ್ರಿಂಟರುಗಳ ಪಟ್ಟಿಯಲ್ಲಿ ಅದರ ಹೆಸರು ಕಾಣಿಸಿಕೊಂಡಾಗ, ಪರೀಕ್ಷೆಯ ಪುಟವೊಂದನ್ನು ಅಚ್ಚುಮಾಡಿಸಿ ನೋಡಿದರೆ ಕಾರ್ಯವು ಸಮಾಪ್ತಿಯಾಯಿತು.

ಹೇಳಿದಂತೆಲ್ಲ ಮಾಡಿದರೂ ಹಾಳೆ ಹೊರಬಾರದಿದ್ದರೆ ಎದೆಗುಂದತಕ್ಕದ್ದಿಲ್ಲ. ಪರದೆಯ ಮೇಲೆ 'ಆಫ್‌ಲೈನ್' ಎಂದು ಕಂಡರೆ ಎರಡೂ ತುದಿಗಳನ್ನು ಬಿಚ್ಚಿ ಮತ್ತೆ ಸೇರಿಸಿ ನೋಡಬೇಕು. ಹಲವು ಕಿಂಡಿಗಳುಳ್ಳ ಹಬ್ಬಿನ ಮೂಲಕ ಕೊಟ್ಟಿದ್ದರೆ ಅದನ್ನು ಬಿಟ್ಟು ಕಂಪ್ಯೂಟರಿನ ಮೈಮೇಲಿನ ಕಿಂಡಿಗೇ ನೇರವಾಗಿ ಕೊಡಬೇಕು. ಒಂದು ದಿನ ಒಂದು ಕಿಂಡಿಗೂ ಇನ್ನೊಂದು ದಿನ ಇನ್ನೊಂದಕ್ಕೂ ಸಿಕ್ಕಿಸಿದರೆ, ಒಂದೇ ಪ್ರಿಂಟರನ್ನು ಎರಡೆಂದು ಬಗೆದು ಅದರ ಹೆಸರನ್ನು ಪಟ್ಟಿಯಲ್ಲಿ ಎರಡು ಸಲ ಬರೆದುಕೊಳ್ಳುವ ಕಂಪ್ಯೂಟರುಗಳುಂಟು. ಆಗ ನಾವು ಕಳುಹಿದ ಹಾಳೆಗಳು ಇಲ್ಲದ ಪ್ರಿಂಟರಿನ ಬಾಗಿಲಲ್ಲಿ ಸಾಲುಗಟ್ಟಿ ನಿಲ್ಲುವುವು. ಆದುದರಿಂದ ಕಿಂಡಿಯನ್ನು ಬದಲಿಸದಿರುವುದು ಲೇಸು. ಇನ್ನೊಂದು ತೊಂದರೆಯು ಕನ್ನಡಿಗರಿಗೇ ವಿಶೇಷವಾದದ್ದು. ಪರದೆಯ ಮೇಲಾಗಲಿ ಹಾಳೆಯ ಮೇಲಾಗಲಿ ಕನ್ನಡದ ಸ್ಥಾನದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಮೂಡಿದರೆ ಜನರು ತಂತಿಯನ್ನು ದೂರುತ್ತಾರೆ. ಅಲ್ಲಿ ತಂತಿ ನಿರಪರಾಧಿ. ಹಳೆಯ 'ನುಡಿ' 'ಬರಹ' ಫಾಂಟುಗಳಲ್ಲಿ ಬರೆದ ಪತ್ರವನ್ನು ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದುದೇ ಆ ದೋಷಕ್ಕೆ ಕಾರಣ. ಬರೆದವರು ಯುನಿಕೋಡಿನಲ್ಲಿ ಬರೆದರೆ, ಇಲ್ಲವೆ ಫಾಂಟನ್ನೂ ಒಳಗೊಂಡ ಪಿ.ಡಿ.ಎಫ್. ರೂಪದಲ್ಲಿ ಕಳುಹಿದರೆ, ಆ ಕ್ಲೇಶವು ತಪ್ಪುವುದು.

ಕರಾವಳಿಯಲ್ಲಿ ವಾಸಿಸುವ ನಮಗೆ ಇನ್ನೂ ಕೆಲವು ಎಚ್ಚರಿಕೆಗಳು ಅಗತ್ಯ. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ಸೀಮೆಯಲ್ಲಿ ಆಷಾಢ ಶ್ರಾವಣಗಳ ಗಾಳಿಯೇ ಒದ್ದೆ. ಕಾಗದವು ಆ ತೇವವನ್ನು ಹೀರಿ ಅಂಚು ಸುರುಳಿಗೊಂಡು, ಎರಡು ಮೂರು ಹಾಳೆಗಳು ಒಂದಕ್ಕೊಂದು ಅಂಟಿ ಒಳಗೆ ಸಿಕ್ಕಿಬೀಳುತ್ತವೆ. ಆದ್ದರಿಂದ ಕಟ್ಟನ್ನು ಒಡೆದ ಮೇಲೆ ಬೇಕಾದಷ್ಟು ಹಾಳೆಗಳನ್ನು ಮಾತ್ರ ತಟ್ಟೆಯಲ್ಲಿಟ್ಟು, ಉಳಿದವನ್ನು ಅವುಗಳ ಹೊದಿಕೆಯಲ್ಲಿಯೇ ಸುತ್ತಿ ಒಣಗಿದ ಸ್ಥಳದಲ್ಲಿ ಇಡಬೇಕು. ಕಡಲ ಕಡೆಯ ಕಿಟಕಿಯ ಬಳಿ ಯಂತ್ರವನ್ನಿರಿಸಿದರೆ ಉಪ್ಪುಗಾಳಿಯು ಸಂಪರ್ಕದ ಲೋಹವನ್ನು ಮಂಕುಗೊಳಿಸುವುದರಿಂದ ಒಳಗೋಡೆಯ ಬದಿಯೇ ಉತ್ತಮ. ಎಲ್ಲಕ್ಕಿಂತ ಮಿಗಿಲಾದುದು ಸಿಡಿಲಿನ ಭಯ. ಮಳೆಗಾಲದ ಮುನ್ನಿನ ವೈಶಾಖದ ಸಂಜೆಗಳಲ್ಲಿಯೂ ಆಶ್ವಯುಜದ ಗುಡುಗಿನಲ್ಲಿಯೂ ಸಿಡಿಲಿನ ಆಘಾತವು ವಿದ್ಯುತ್ತಿನ ತಂತಿಯ ಮೂಲಕ ಒಂದು ಯಂತ್ರವನ್ನು ಹೊಕ್ಕು, ನಡುವಣ ಕೇಬಲ್ಲಿನ ಮೂಲಕ ಇನ್ನೊಂದನ್ನೂ ಸುಡಬಲ್ಲುದು. ಮೋಡ ಕವಿದೊಡನೆ, ಗುಡುಗು ಸಮೀಪಿಸುವುದಕ್ಕೆ ಮೊದಲೇ, ಪ್ಲಗ್ಗನ್ನೂ ಕೇಬಲ್ಲನ್ನೂ ಬಿಚ್ಚಿಡುವ ಅಭ್ಯಾಸವು ನಮ್ಮ ಮನೆಗಳಲ್ಲಿ ದೀಪ ಹಚ್ಚುವಷ್ಟೇ ಸಹಜವಾಗಬೇಕು.

ತಂತಿಯಿಲ್ಲದೆ ಗಾಳಿಯಲ್ಲಿಯೇ ಅಚ್ಚುಮಾಡಿಸುವ ವೈಫೈ ಪ್ರಿಂಟರುಗಳು ಬಂದಿರುವಾಗ ಈ ತಂತಿಯ ಗೊಡವೆ ಏಕೆಂದು ಯುವಕರು ಕೇಳುತ್ತಾರೆ. ಹಲವರು ಕೂಡಿ ಬಳಸುವ ಕಡೆ ಅದು ಅನುಕೂಲವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಜಡಿಮಳೆಯಲ್ಲಿ ವೈಫೈ ಕೈಕೊಟ್ಟ ದಿನವೂ, ಪಾಸ್‌ವರ್ಡು ಮರೆತುಹೋದ ದಿನವೂ, ಕಂಪ್ಯೂಟರಿನಲ್ಲಿ ಆಗಲೇ ಇರುವ ಪತ್ರವನ್ನು ತಂತಿಯು ಎಂದಿನಂತೆ ಪ್ರಿಂಟರಿಗೆ ಮುಟ್ಟಿಸುತ್ತದೆ. ಅದಕ್ಕೆ ಬೇಕಾದುದು ಎರಡು ತುದಿ, ವಿದ್ಯುತ್ತು, ಇಷ್ಟೇ. ಇನ್ನೊಂದು ವಿಷಯವನ್ನೂ ತಾವು ಮನಸ್ಸಿಟ್ಟು ಕೇಳಬೇಕು. ಇಂದು ನಮ್ಮವರು ಆಧಾರ್ ಕಾರ್ಡು, ಬ್ಯಾಂಕಿನ ಪಾಸುಪುಸ್ತಕ, ಪಾಸ್‌ಪೋರ್ಟು ಎಲ್ಲವನ್ನೂ ವಾಟ್ಸಾಪಿನಲ್ಲಿ ಅಂಗಡಿಗೆ ಕಳುಹಿ ಅಚ್ಚುಮಾಡಿಸಿಕೊಳ್ಳುತ್ತಾರೆ. ಅಂಗಡಿಯವರು ಸಜ್ಜನರೇ ಇರಬಹುದು, ಊರಿಗೆ ಅವರಿಂದಾಗುವ ಉಪಕಾರವೂ ದೊಡ್ಡದು. ಆದರೂ ಆ ಪ್ರತಿಗಳು ಅವರ ಯಂತ್ರದಲ್ಲಿ ಉಳಿದು ಮುಂದೆ ಯಾರ ಕೈಗೆ ಬೀಳುವುವೋ ಹೇಳಬಲ್ಲವರಾರು? ಅಚ್ಚಾದೊಡನೆ ಅಳಿಸಿಬಿಡಿರೆಂದು ಕೇಳಿಕೊಳ್ಳುವುದು ನಮ್ಮ ಹಕ್ಕು, ಅಳಿಸುವುದು ಅವರ ಧರ್ಮ. ಅನುಕೂಲವುಳ್ಳವರ ಮನೆಯಲ್ಲಿ ಕಂಪ್ಯೂಟರೂ ಪ್ರಿಂಟರೂ ಒಂದು ತಂತಿಯಿಂದ ಕೂಡಿದ್ದರೆ ಆ ಪತ್ರಗಳು ಮನೆಯ ಹೊಸಿಲನ್ನೇ ದಾಟುವುದಿಲ್ಲ. ನೆರೆಮನೆಯವರ ನಾಲ್ಕು ಹಾಳೆಗೂ ಅದು ಒದಗುತ್ತದೆ.

ಇಷ್ಟನ್ನೂ ಹೇಳಿದುದರ ಉದ್ದೇಶ ಒಂದೇ. ನಮ್ಮ ಊರುಗಳಲ್ಲಿ ಯಂತ್ರಗಳಿಗೆ ಕೊರತೆಯಿಲ್ಲ. ಅವುಗಳನ್ನು ಜೋಡಿಸಬಲ್ಲ ಅರಿವು ಮಾತ್ರ ಒಬ್ಬಿಬ್ಬರಲ್ಲಿ ನಿಂತುಹೋಗಿದೆ. ಆ ಒಬ್ಬನು ಊರಲ್ಲಿಲ್ಲದ ದಿನ ಕಚೇರಿ ನಿಲ್ಲುತ್ತದೆ, ಶಾಲೆಯ ಪ್ರಶ್ನೆಪತ್ರಿಕೆ ನಿಲ್ಲುತ್ತದೆ, ಸಹಕಾರಿ ಸಂಘದ ರಸೀದಿ ನಿಲ್ಲುತ್ತದೆ. ಸಡಿಲವಾದ ಒಂದು ತುದಿಯನ್ನು ಒತ್ತಲಾರದೆ ಹತ್ತು ಜನರು ಹಿಂದಿರುಗಿ ಹೋಗುತ್ತಾರೆ. ಇದು ಬಡತನದ ಮಾತಲ್ಲ, ಯಾರೂ ಕಲಿಸಲಿಲ್ಲವೆಂಬ ಮಾತು. ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಉಪಾಧ್ಯಾಯರು ತಾವೇ ಜೋಡಿಸಿ ತೋರಿಸಿ ಸುಮ್ಮನಾಗದೆ, ಪ್ರತಿಯೊಂದು ಮಗುವಿನ ಕೈಗೂ ಕೇಬಲ್ಲನ್ನು ಕೊಟ್ಟು, ಬಿಚ್ಚಿಸಿ, ಮತ್ತೆ ಕೂಡಿಸಿ, ಕನ್ನಡದಲ್ಲಿ ಆ ಮಗುವಿನ ಹೆಸರನ್ನೇ ಒಂದು ಹಾಳೆಯ ಮೇಲೆ ಅಚ್ಚುಮಾಡಿಸಲಿ. ಮನೆಯ ಹಿರಿಯರು, ಇದು ಮಕ್ಕಳ ವಿದ್ಯೆಯೆಂದು ದೂರ ಸರಿಯದೆ, ಮೊಮ್ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಮ್ಮೆ ತಾವೇ ಸಿಕ್ಕಿಸಿ ನೋಡಲಿ. ದೋಣಿಯ ಎಂಜಿನ್ನನ್ನು ಬಿಚ್ಚಿ ಕಟ್ಟಬಲ್ಲ ಕೈಗಳಿಗೆ, ಪಂಪುಸೆಟ್ಟಿನ ಸ್ಟಾರ್ಟರನ್ನು ಸರಿಪಡಿಸಬಲ್ಲ ಕೈಗಳಿಗೆ, ಇದು ಎಷ್ಟರ ಕೆಲಸ? ಬಲ್ಲವರು ಬಾರದವರ ಮನೆಗೆ ಹೋದಾಗ ತಾವೇ ಮಾಡಿ ಮುಗಿಸಿ ಬರುವ ಬದಲು, ಅವರ ಕೈಯಿಂದಲೇ ಮಾಡಿಸಿ ಬರಲಿ. ಹಾಗೆ ಒಬ್ಬರಿಂದ ಒಬ್ಬರಿಗೆ ಈ ವಿದ್ಯೆ ಹರಡಿದ ಊರಿನಲ್ಲಿ, ಸರಕಾರವು ಗಣಕದೊಳಗೆ ಇರಿಸಿದ ದಾಖಲೆಗೂ ಅದರ ಒಡೆಯನಾದ ಪ್ರಜೆಗೂ ನಡುವೆ ಯಾವ ಮಧ್ಯಸ್ಥನೂ ಬೇಕಾಗುವುದಿಲ್ಲ.

ಮಂಕಿಯಲ್ಲಿಯೂ ಅದರಂಥ ಸಾವಿರಾರು ಊರುಗಳಲ್ಲಿಯೂ ಆ ದಿನವು ಬೇಗನೆ ಬರಲೆಂದು ಹಾರೈಸುತ್ತೇನೆ.